ಕೊನೆಯ ಎರಕ ಮತ್ತು ನನ್ನ ಮೂಗುಬೊಟ್ಟು

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿಯೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಊರಿನ ಕಥೆಯನ್ನು ಹೊಟ್ಟೆಕಿಚ್ಚು ಬಿಟ್ಟು ಹೇಳಲು ನನಗೆ ಬರುವುದಿಲ್ಲ. ಊರು ಈಗ ಇಲ್ಲ. ಅದರ ಚರಿತ್ರೆಯನ್ನು ಯಾರಾದರೂ ಬರೆದಿಟ್ಟಂತೆಯೂ ಕಾಣೆ. ಎಂಜಿನಿಯರುಗಳು ಬರೆದಿದ್ದರೆ ಎಷ್ಟು ಕಲ್ಲು ಅಗೆದರು, ಎಷ್ಟು ಪುಡಿ ಮಾಡಿದರು ಎಂದು ಬರೆದಿರುತ್ತಾರೆ. ಅಲ್ಲಿ ಯಾರನ್ನು ಕಂಡು ಯಾರ ಹೊಟ್ಟೆ ಉರಿಯುತ್ತಿತ್ತು ಎಂದು ಬರೆಯಲು ಅವರಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಆ ಕೆಲಸ ನನಗೇ ಇರಲಿ.

ಒಮಾನಿನಲ್ಲಿ ರುಸ್ತಾಕ್ ದಾಟಿ, ಬೆಟ್ಟಗಳ ನಡುವಿನ ದಾರಿಯಲ್ಲಿ ಹತ್ತಿ ಇಳಿದು, ಮರುಭೂಮಿ ಶುರುವಾಗುವ ಕಡೆಗೆ ಹೋದರೆ ಒಂದು ಒಣಗಿದ ಹೊಳೆಯ ಪಾತ್ರವಿದೆ. ಅದರ ದಂಡೆಯಲ್ಲಿ ಖರ್ಜೂರದ ತೋಟ, ಮಣ್ಣಿನ ಗೋಡೆಯ ಮನೆಗಳ ಒಂದು ಹಳೆಯ ಹಳ್ಳಿ. ಹಳ್ಳಿಯಿಂದ ಕೂಗಳತೆಗಿಂತ ಸ್ವಲ್ಪ ದೂರದಲ್ಲಿ ತುಕ್ಕು ಹಿಡಿದ ಕಬ್ಬಿಣದ ಬಣ್ಣದ ಒಂದು ಗುಡ್ಡ. ಗುಡ್ಡದ ಬುಡದಲ್ಲಿ ಕಪ್ಪು ಕಿಟ್ಟದ ರಾಶಿಗಳು ಬಿದ್ದಿದ್ದವು. ಯಾವ ಕಾಲದವರೋ ಅಲ್ಲಿ ತಾಮ್ರ ಕರಗಿಸಿ ಕಿಟ್ಟವನ್ನು ಬಿಸಾಡಿ ಹೋಗಿದ್ದರು. ಹಳ್ಳಿಯ ಮುದುಕರನ್ನು ಕೇಳಿದರೆ ಪ್ರವಾದಿಗಳ ಕಾಲಕ್ಕಿಂತ ಹಿಂದಿನದು ಎನ್ನುತ್ತಿದ್ದರು. ಆ ತಾಮ್ರದವರು ಗುಡ್ಡದ ನೆತ್ತಿಯ ಕೆಂಪು ಕಲ್ಲನ್ನು ಕೆಲಸಕ್ಕೆ ಬಾರದ್ದೆಂದು ಹಾಗೇ ಬಿಟ್ಟಿದ್ದರು. ಚಿನ್ನ ಇದ್ದದ್ದು ಅದರಲ್ಲೇ.

ನಾವು ಹೋಗುವ ಕೆಲವು ವರ್ಷಗಳ ಹಿಂದೆ ಲಾರಿಗಳು ಬಂದು ಗುಡ್ಡಕ್ಕೆ ತೂತು ಕೊರೆದು ನೋಡಿದವಂತೆ. ಆಮೇಲೆ ಕಲ್ಲು ಪುಡಿಮಾಡುವ ಯಂತ್ರ ಬಂತು, ಆ ಪುಡಿಯನ್ನು ಸೈನೈಡ್ ಮದ್ದಿನ ನೀರಿನಲ್ಲಿ ನೆನೆಸುವ ದೊಡ್ಡ ದೊಡ್ಡ ತೊಟ್ಟಿಗಳು ಬಂದವು, ಟ್ರೇಲರುಗಳ ಮೇಲೆ ತಗಡಿನ ಕ್ಯಾಬಿನ್ನುಗಳು ಬಂದವು. ಮಸೀದಿಗೆ ಒಂದು ಕ್ಯಾಬಿನ್, ಕ್ಲಿನಿಕ್ಕಿಗೆ ಒಂದು, ಮೆಸ್ಸಿಗೆ ಎರಡು ಜೋಡಿಸಿದ್ದು. ಹೀಗೆ ಒಂದು ಊರಾಯಿತು. ಹಳ್ಳಿಯವರು ಅದನ್ನು ‘ಶರಿಕಾ’ ಎನ್ನುತ್ತಿದ್ದರು, ಅಂದರೆ ಕಂಪನಿ. ನಾವು ಕ್ಯಾಂಪು ಎನ್ನುತ್ತಿದ್ದೆವು. ಮದ್ದಿನ ನೀರಿನ ಕೊಳದ ಮೇಲೆ ಹಕ್ಕಿಗಳು ಇಳಿಯದಂತೆ ಬಲೆ ಹರಡಿದ್ದರು, ಮೇಕೆಗಳು ಬರದಂತೆ ಬೇಲಿ ಹಾಕಿದ್ದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರು. ಸಂಸಾರ ಕರೆತರಲು ಅನುಮತಿ ಸಿಕ್ಕವರು ಬೆರಳೆಣಿಕೆಯಷ್ಟು. ಅವರಲ್ಲಿ ನನ್ನ ಗಂಡನೂ ಒಬ್ಬ, ಅಗೆಯುವ ಗುಂಡಿಯ ಸರ್ವೇಯರ್.

ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್‌ನಲ್ಲಿ ನನ್ನ ವಾರಗಿತ್ತಿ ಇದ್ದಳು. ಬಿಳಿ ಗೋಡೆಯ ಮನೆ, ಅಂಗಳದಲ್ಲಿ ಬೋಗನ್‌ವಿಲ್ಲಾ, ಬಾಗಿಲಲ್ಲಿ ಮಕ್ಕಳ ಸ್ಕೂಲ್ ಬಸ್ಸು. ಮೊದಲ ಸಲ ಅವಳ ಮನೆಯಲ್ಲಿ ಉಳಿದು ಕ್ಯಾಂಪಿಗೆ ವಾಪಸಾದಾಗ ನನ್ನ ತಗಡಿನ ಕ್ಯಾಬಿನ್ನಿನ ಕಿಟಕಿಯ ಸಂದಿನಲ್ಲಿ ಕೆಂಪು ಧೂಳು ಕೂತಿತ್ತು. ಒರೆಸಿದೆ, ಮರುದಿನ ಮತ್ತೆ ಕೂತಿತ್ತು. ಅವಳನ್ನು ನೆನೆದುಕೊಂಡೇ ಒಂದು ವಾರ ಒರೆಸಿದೆ. ಆಮೇಲೆ ಫೋನಿನಲ್ಲಿ ಅವಳು “ನಿಮ್ಮ ಕಡೆ ಚಿನ್ನ ತೆಗೀತಾರಂತಲ್ಲೇ, ಹೇಗಿರುತ್ತೆ ನೋಡೋಕೆ?” ಎಂದು ಕೇಳಿದಳು. ಅದು ನನಗೆ ಸಿಕ್ಕ ಒಂದೇ ಒಂದು ಮೇಲುಗೈ. “ಅಯ್ಯೋ, ದಿನಾ ನೋಡಿ ನೋಡಿ ಬೇಜಾರು” ಎಂದುಬಿಟ್ಟೆ.

ನಾನು ನೋಡಿರಲಿಲ್ಲ. ಕ್ಯಾಂಪಿನಲ್ಲಿ ಮುಕ್ಕಾಲು ಪಾಲು ಜನ ನೋಡಿರಲಿಲ್ಲ. ಚಿನ್ನದ ಊರೆಂದರೆ ಬೀದಿಯಲ್ಲಿ ಚಿನ್ನ ಹೊಳೆಯುತ್ತದೆಂದು ಹೊರಗಿನವರು ತಿಳಿಯುತ್ತಾರೆ. ಅಲ್ಲಿ ಕಣ್ಣಿಗೆ ಬೀಳುವುದು ಕಲ್ಲು, ಧೂಳು, ಕೆಸರು, ಅಷ್ಟೆ. ಕೆಸರಿನಿಂದ ಚಿನ್ನ ಬೇರೆಯಾಗಿ ಕುಲುಮೆಯಲ್ಲಿ ಕರಗಿ ಗಟ್ಟಿಯಾಗುವುದು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ. ಅದಕ್ಕೆ ಗೋಲ್ಡ್ ರೂಮ್ ಎನ್ನುತ್ತಿದ್ದರು. ಕರಗಿದ ಚಿನ್ನವನ್ನು ಅಚ್ಚಿಗೆ ಸುರಿಯುವ ದಿನಕ್ಕೆ ಎರಕದ ದಿನ ಎಂದು ಹೆಸರು. ಅಂದು ಬೆಳಿಗ್ಗೆ ಕುಲುಮೆಯ ಚಿಮಣಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಹೊರಗೆ ನಿಂತು ಆ ಹೊಗೆ ನೋಡುತ್ತಿದ್ದೆ.

“ಕರಗಿದ ಚಿನ್ನ ಹೇಗಿರುತ್ತೆ ರೀ?” ಎಂದು ಗಂಡನನ್ನು ಕೇಳಿದರೆ, “ನಂಗೇನು ಗೊತ್ತೇ? ನಾನಿರೋದು ಗುಂಡೀಲಿ” ಎನ್ನುತ್ತಿದ್ದರು. ಒಮ್ಮೆ ನೋಡಬೇಕು ಅನ್ನಿಸುವುದಿಲ್ಲವೇ ಎಂದರೆ, “ನೋಡಿ ಏನ್ಮಾಡ್ಲಿ? ಸಾರು ಹಾಕು.” ಈ ಮನುಷ್ಯನಿಗೆ ಯಾರನ್ನು ಕಂಡರೂ ಏನೂ ಅನ್ನಿಸುವುದಿಲ್ಲ. ಇವರ ಪಾಲಿನ ಹೊಟ್ಟೆಕಿಚ್ಚನ್ನೂ ಸೇರಿಸಿ ನಾನೇ ಪಡಬೇಕು.

ಇಷ್ಟಕ್ಕೂ ನನ್ನ ಆಸೆ ಒಮಾನಿನಲ್ಲಿ ಹುಟ್ಟಿದ್ದಲ್ಲ. ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಅಪ್ಪ ಗಣಿಯ ಆಫೀಸಿನಲ್ಲಿ ಗುಮಾಸ್ತರು. ಬಾಗಿಲು ತೆರೆದರೆ ಸೈನೈಡ್ ಮಣ್ಣಿನ ದಿಬ್ಬ, ಗಾಳಿ ಬೀಸಿದರೆ ಊಟದ ತಟ್ಟೆಯಲ್ಲೂ ಅದೇ ಮಣ್ಣು. ಆದರೆ ಚಿನ್ನ ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನನ್ನ ಅಣ್ಣ ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಪ್ಪನ ಪರಿಚಯದ ಒಬ್ಬ ಸಾಹೇಬರು, “ಹುಡುಗನನ್ನು ಕಳಿಸಿ, ಎರಕ ತೋರಿಸ್ತೀನಿ” ಎಂದರು. ನಾನೂ ಹೋಗುತ್ತೇನೆಂದು ಹಠ ಹಿಡಿದೆ. “ಹೆಣ್ಣುಮಕ್ಕಳಿಗೆ ಯಾಕಮ್ಮ ಅದೆಲ್ಲ?” ಎಂದು ಅಪ್ಪ ಅಣ್ಣನ ಕೈ ಹಿಡಿದು ಹೊರಟೇಬಿಟ್ಟರು. ಒಳಗೆ ಹೋಗುವ ಹಕ್ಕು ಅಪ್ಪನಿಗೂ ಇರಲಿಲ್ಲ. ಅವರು ಗೇಟಿನ ಹೊರಗೆ ನಿಂತಿದ್ದು ಅಣ್ಣನನ್ನು ವಾಪಸು ಕರೆತಂದರು.

ಮನೆಗೆ ಬಂದ ಅಣ್ಣನನ್ನು ಎಲ್ಲರೂ ಸುತ್ತುಗಟ್ಟಿದರು. ಅವನು ದೊಡ್ಡ ಮನುಷ್ಯನ ಹಾಗೆ ಕಾಲು ಮಡಿಚಿ ಕೂತು, “ಚಿನ್ನ ಕರಗಿದಾಗ ಹಸಿರಾಗಿರುತ್ತೆ” ಎಂದ. ಅಜ್ಜಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಅಮ್ಮ, “ಹಸಿರು ಬಳೆ ನೋಡ್ಕೊಂಡು ಬಂದಿದಾನೆ ಇವನು” ಎಂದರು. ಅಣ್ಣ ಆಣೆ ಇಟ್ಟ, ಅಳುವುದಕ್ಕೇ ಬಂದ, ಯಾರೂ ನಂಬಲಿಲ್ಲ. ನನಗಂತೂ ಆ ಕ್ಷಣ ಹಾಲು ಕುಡಿದಷ್ಟು ಸಂತೋಷವಾಯಿತು. ಇವನನ್ನು ಒಳಗೆ ಬಿಟ್ಟೇ ಇಲ್ಲ, ಯಾವುದೋ ಬಾಗಿಲ ಹಿಂದೆ ನಿಲ್ಲಿಸಿ ಕಳಿಸಿದ್ದಾರೆ, ಬುರುಡೆ ಬಿಡುತ್ತಿದ್ದಾನೆ ಎಂದು ತೀರ್ಮಾನ ಮಾಡಿಕೊಂಡೆ. ಆ ತೀರ್ಮಾನ ಇಲ್ಲದಿದ್ದರೆ ನಾನು ಅಣ್ಣನ ಜೊತೆ ಒಂದೇ ಮನೆಯಲ್ಲಿ ಬೆಳೆಯುವುದು ಕಷ್ಟವಿತ್ತು.

ಆದರೂ ಅವನು ಹೊರಟ ಹೊತ್ತಿನಿಂದ ನಾನು ಅತ್ತ ಅಳು ಅಪ್ಪನಿಗೆ ತಟ್ಟಿತ್ತು. ಅದೇ ವಾರ ಅಕ್ಕಸಾಲಿಗನನ್ನು ಕರೆಸಿ ನನ್ನ ಮೂಗು ಚುಚ್ಚಿಸಿದರು. ಏಳು ಕೆಂಪು ಹರಳಿನ, ಹಿಂದೆ ತಿರುಪು ಇರುವ ಮೂಗುಬೊಟ್ಟು. “ನೋಡು, ಅವನು ಬರೀ ನೋಡ್ಕೊಂಡು ಬಂದ. ನಿನಗೆ ಚಿನ್ನ ಸಿಕ್ಕೇಬಿಡ್ತು” ಎಂದರು. ಮೂಗು ಉರಿಯುತ್ತಿತ್ತು. ಹೌದೆಂದು ತಲೆಯಾಡಿಸಿದೆ. ಆವತ್ತಿನಿಂದ ಅದನ್ನು ತೆಗೆದದ್ದೇ ಇಲ್ಲ.

ಒಮಾನಿಗೆ ಬಂದ ಮೇಲೆ ಕೋಲಾರದ ಗಣಿ ಮುಚ್ಚಿತೆಂಬ ಸುದ್ದಿ ಫೋನಿನಲ್ಲಿ ಬಂತು. ಅಪ್ಪ ತೀರಿಕೊಂಡಿದ್ದರು, ಅಣ್ಣ ಬೇರೆ ಊರು ಸೇರಿದ್ದ. ಎಲ್ಲರೂ ಊರಿನ ಗತಿ ಏನೆಂದು ಮರುಗುತ್ತಿದ್ದರೆ ನನ್ನ ತಲೆಯಲ್ಲಿ ಓಡಿದ್ದು ಒಂದೇ ಮಾತು. ಅಣ್ಣ ನೋಡಿದೆನೆಂದು ಹೇಳಿಕೊಳ್ಳುವ ಆ ಕುಲುಮೆ ಆರಿತು, ಇನ್ನು ನನಗೆ ಉಳಿದಿರುವುದು ಈ ಕ್ಯಾಂಪಿನದು ಒಂದೇ. ಇಲ್ಲಿ ನೋಡದಿದ್ದರೆ ಈ ಜನ್ಮದಲ್ಲಿ ನೋಡಿದ ಹಾಗೆಯೇ.

ಈಗ ಪಕ್ಕದ ಕ್ಯಾಬಿನ್ನಿನವಳ ಮಾತಿಗೆ ಬರುತ್ತೇನೆ. ಅವಳು ಉಳ್ಳಾಲದ ಬ್ಯಾರಿ ಹೆಂಗಸು. ಅವಳ ಗಂಡ ಕ್ಯಾಂಪಿನ ಮೆಸ್ಸನ್ನೂ ಅದರ ಮಗ್ಗುಲಿನ ಅಂಗಡಿಯನ್ನೂ ನಡೆಸುತ್ತಿದ್ದರು. ಸುವೈಕ್‌ನಲ್ಲಿ ಅವರ ಅಣ್ಣನ ಅಂಗಡಿ, ಅಲ್ಲಿಂದ ವಾರಕ್ಕೊಮ್ಮೆ ಪಿಕಪ್ಪಿನಲ್ಲಿ ಮೀನು, ತೆಂಗಿನಕಾಯಿ, ಕುಚ್ಚಲಕ್ಕಿ ಬರುತ್ತಿತ್ತು. ಒಬ್ಬಳೇ ಮಗಳನ್ನು ಓದಿಗೆಂದು ಉಳ್ಳಾಲದಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದಳು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ನನಗೆ ಅವಳ ಮೇಲೆ ಎಷ್ಟು ಪ್ರೀತಿಯಿತ್ತೋ ಅಷ್ಟೇ ಹೊಟ್ಟೆಕಿಚ್ಚೂ ಇತ್ತು. ಬಂದ ಆರು ತಿಂಗಳಲ್ಲಿ ಅರಬ್ಬಿ ಕಲಿತಳು. ಹಳ್ಳಿಯ ಹೆಂಗಸರು ಅವಳನ್ನು ಮದುವೆಗೆ ಕರೆಯುತ್ತಿದ್ದರು, ಅಂಗೈಗೆ ಮದರಂಗಿ ಹಚ್ಚುತ್ತಿದ್ದರು, ಬುಟ್ಟಿ ತುಂಬ ಖರ್ಜೂರ ಕಳಿಸುತ್ತಿದ್ದರು. ನಾನು ಅದೇ ಹೆಂಗಸರ ಮುಂದೆ ನಗುವುದರಲ್ಲೇ ವರ್ಷಗಳನ್ನು ಕಳೆದೆ. ನನ್ನ ಕರಿಬೇವಿನ ಗಿಡ ಮೂರು ಸಲ ಸತ್ತಿತು. ಅವಳದ್ದು ಮೆಸ್ಸಿನ ಪಾತ್ರೆ ತೊಳೆದ ನೀರು ಕುಡಿದು ತಗಡಿನ ಮಾಡು ಮುಟ್ಟಿತ್ತು. ಅವಳೇ ಕಿತ್ತು ತಂದು ಕೊಡುತ್ತಿದ್ದಳು. ಆ ಕರಿಬೇವು ಹಾಕಿದ ಒಗ್ಗರಣೆ ನನಗೆ ಎಂದೂ ಸರಿಯಾಗಿ ಇಳಿಯಲಿಲ್ಲ.

ಕೆಲವು ವರ್ಷಗಳಲ್ಲಿ ಊರಿನ ಮುಖ ಇಳಿಯತೊಡಗಿತು. ಗುಡ್ಡದ ನೆತ್ತಿಯ ಕೆಂಪು ಕಲ್ಲು ಮುಗಿಯಿತು. ಅದರ ಕೆಳಗಿನ ಕಲ್ಲಿನಲ್ಲಿ ತಾಮ್ರ ಜಾಸ್ತಿ. ಚಿನ್ನಕ್ಕೆಂದು ಹಾಕುವ ಮದ್ದನ್ನೆಲ್ಲ ತಾಮ್ರವೇ ಕುಡಿದುಬಿಡುತ್ತದೆ, ಚಿನ್ನ ಕಲ್ಲಿನಲ್ಲೇ ಉಳಿಯುತ್ತದೆ ಎಂದು ಗಂಡ ವಿವರಿಸಿದರು. ಅವರು ಹೇಳಿದ ವಿಷಯಗಳಲ್ಲಿ ನನಗೆ ತಟ್ಟನೆ ಅರ್ಥವಾದದ್ದು ಅದೊಂದೇ. ಒಬ್ಬೊಬ್ಬರೇ ವೀಸಾ ರದ್ದಾಗಿ, ಪಾಸ್‌ಪೋರ್ಟಿಗೆ ಫೈನಲ್ ಎಕ್ಸಿಟ್ ಹಾಕಿಸಿಕೊಂಡು ಹೊರಟರು. ಮೆಸ್ಸಿನಲ್ಲಿ ಬೆಂಚುಗಳನ್ನು ಗೋಡೆಗೆ ಒರಗಿಸಿಟ್ಟರು. ಕೊನೆಗೊಂದು ದಿನ ಮುಚ್ಚುವುದು ಖಾಯಂ, ಇನ್ನೊಂದೇ ಎರಕ ಬಾಕಿ ಎಂಬ ಸುದ್ದಿ ಬಂತು.

ನಾನು ಗಂಡನ ಹಿಂದೆ ಬಿದ್ದೆ. “ಮ್ಯಾನೇಜರನ್ನ ಒಂದು ಮಾತು ಕೇಳ್ರೀ. ಕೊನೇದು ತಾನೆ? ಬಾಗಿಲ ಹತ್ರ ನಿಂತು ನೋಡ್ಕೊಂಡು ಬರ್ತೀನಿ.”

“ಏನಂತ ಕೇಳ್ಲಿ? ನನ್ ಹೆಂಡ್ತಿ ಚಿನ್ನ ನೋಡಿಲ್ಲ ಅಂತಲಾ? ಸುಮ್ನಿರು, ಮರ್ಯಾದೆ ಪ್ರಶ್ನೆ.”

ಗೋಡೆ ತೆಳ್ಳಗಿನ ತಗಡು. ಪಕ್ಕದವಳಿಗೆ ಎಲ್ಲವೂ ಕೇಳಿತ್ತು. ಮರುದಿನ ಅವಳು ಒಂದು ತಟ್ಟೆ ತುಂಬ ತುಪ್ಪದ ತಿಂಡಿ ಮುಚ್ಚಿಟ್ಟುಕೊಂಡು ನೇರವಾಗಿ ಮ್ಯಾನೇಜರನ ಆಫೀಸಿಗೆ ಹೋದಳು. ಏನು ಹೇಳಿದಳೋ, ಯಾವ ಭಾಷೆಯಲ್ಲಿ ಹೇಳಿದಳೋ, ಅರ್ಧ ಗಂಟೆಯಲ್ಲಿ ನಗುತ್ತಾ ಬಂದಳು.

“ಆಯ್ತು ಅಕ್ಕ. ನಿಮಗೂ ನನಗೂ ಇಬ್ರಿಗೂ ಪರ್ಮಿಶನ್ ಉಂಟು. ನನಗೆಂತ ಅದು ನೋಡ್ಬೇಕೂಂತ ಇಲ್ಲ. ನಿಮ್ಮೊಟ್ಟಿಗೆ ಯಾರಾದ್ರೂ ಬೇಕಲ್ಲ, ಅದಕ್ಕೆ.”

ಕುಣಿದಾಡಬೇಕಿತ್ತು. ಕುಣಿಯುವ ಬದಲು, ನಾನು ಹುಟ್ಟಿದಂದಿನಿಂದ ಕೇಳುತ್ತಿರುವುದನ್ನು ಇವಳು ಅರ್ಧ ಗಂಟೆಯಲ್ಲಿ ತಂದುಬಿಟ್ಟಳಲ್ಲ ಎಂದು ಮೈ ಉರಿಯಿತು. ಅದೂ ಅವಳಿಗೆ ಬೇಕಾಗಿಲ್ಲದ್ದನ್ನು!

ಗೋಲ್ಡ್ ರೂಮಿನದು ಒಂದು ಕಟ್ಟಳೆಯಿತ್ತು. ಒಳಗೆ ಹೋಗುವವರ ಮೈಮೇಲೆ ಒಂದು ಗುಂಜಿ ಚಿನ್ನವೂ ಇರಕೂಡದು. ಹೊರಗೆ ಬರುವಾಗ ಯಾರ ಮೈಮೇಲಾದರೂ ಚಿನ್ನ ಕಂಡರೆ ಅದು ಒಳಗಿನದೇ ಎಂದು ಲೆಕ್ಕ, ಬೇರೆ ಮಾತೇ ಇಲ್ಲ. ಹಾಗಾಗಿ ಹಿಂದಿನ ದಿನವೇ ನನ್ನ ತಯಾರಿ ಶುರುವಾಯಿತು. ಓಲೆ, ಉಂಗುರ, ಬಳೆ ತೆಗೆದೆ. ಸಂಶಯಕ್ಕೆ ಎಡೆಯೇ ಬೇಡವೆಂದು ಕಾಲುಂಗುರವನ್ನೂ ತೆಗೆದೆ. ಉಳಿದದ್ದು ತಾಳಿ. ತಾಳಿಯ ವಿಷಯಕ್ಕೆ ಊರಿನಲ್ಲಿದ್ದ ಅತ್ತೆಗೆ ಫೋನು ಮಾಡಿದೆ. ಅವರು, “ಅರಿಶಿನದ ಕೊಂಬು ದಾರಕ್ಕೆ ಕಟ್ಕೊಂಡು ಆಮೇಲೆ ತೆಗಿ. ಕತ್ತು ಬರಿದು ಬಿಡಬೇಡ” ಎಂದರು. ಅರಿಶಿನದ ಕೊಂಬು ಸಿಕ್ಕಿದ್ದು ಪಕ್ಕದವಳ ಅಂಗಡಿಯ ಡಬ್ಬಿಯಲ್ಲೇ. ಅವಳೇ ಒಳ್ಳೆಯದೊಂದು ಆರಿಸಿ ಕೊಟ್ಟಳು, ಅವಳೇ ದಾರದ ಗಂಟನ್ನು ಎಳೆದು ನೋಡಿದಳು.

ಬೆಳಿಗ್ಗೆ ಎರೆದುಕೊಂಡು, ಹತ್ತಿ ಸೀರೆ ಉಟ್ಟು, ಅರಿಶಿನದ ದಾರ ಕಟ್ಟಿಕೊಂಡು ಹೊರಟೆ. ಕನ್ನಡಿ ನೋಡಿಕೊಂಡೆ. ಗಂಡ ಕೆಲಸಕ್ಕೆ ಹೊರಡುವ ಮುನ್ನ ಅಡಿಯಿಂದ ಮುಡಿಯವರೆಗೆ ನೋಡಿ, “ಎಲ್ಲಾ ತೆಗ್ದಿದೀಯ, ಸರಿಯಾಗಿದೆ” ಎಂದರು. ಪಕ್ಕದವಳು ಅಷ್ಟು ಚಿನ್ನ ಹೇರಿಕೊಳ್ಳುವವಳು, ಎಲ್ಲವನ್ನೂ ಕರವಸ್ತ್ರದಲ್ಲಿ ಕಟ್ಟಿ ಗಂಡನ ಕೈಗೆ ಕೊಟ್ಟು ಬೋಳಾಗಿ ಬಂದಿದ್ದಳು. ಅವಳೂ ನನ್ನನ್ನು ನೋಡಿ, “ಈಗ ನಿಮ್ಮ ಮೈಯಲ್ಲಿ ಏನೂ ಇಲ್ಲ ಅಕ್ಕ” ಎಂದು ನಕ್ಕಳು.

ಬಾಗಿಲಲ್ಲಿ ಒಬ್ಬ ಒಮಾನಿ ಕಾವಲುಗಾರ, ಹಳ್ಳಿಯವನೇ, ನರೆತ ಗಡ್ಡದವನು. ನಾವು ಹತ್ತಿರ ಬಂದಾಗ ಗೌರವದಿಂದ ಎದ್ದು ನಿಂತ. ನನ್ನ ಕೈ ನೋಡಿದ, ಕಿವಿ ನೋಡಿದ, ಕತ್ತಿನ ಅರಿಶಿನದ ಕೊಂಬು ನೋಡಿ ಒಂದು ಕ್ಷಣ ಯೋಚಿಸಿ ಬಿಟ್ಟ. ಆಮೇಲೆ ತನ್ನ ಮೂಗನ್ನು ತೋರುಬೆರಳಿನಿಂದ ಮುಟ್ಟಿ, “ದೀದಿ, ಯೇ? ಯೇ ದಹಬ್ ನಹೀ?” ಎಂದು ಕೇಳಿದ. ದಹಬ್ ಎಂದರೆ ಚಿನ್ನ.

ನಾನು ಮೂಗು ಮುಟ್ಟಿಕೊಂಡೆ.

“ಯಾ ಅಲ್ಲಾ!” ಎಂದಳು ಪಕ್ಕದವಳು. “ಮೂಗಿನದ್ದು! ನಾವು ಯಾರೂ ನೋಡ್ಲೇ ಇಲ್ವಲ್ಲ ಅಕ್ಕ!”

ನೋಡಿದ್ದೆವು, ಎಲ್ಲರೂ ನೋಡಿದ್ದೆವು. ಆದರೆ ಅದು ಒಡವೆಯೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನಗೆ ಅದು ಮೂಗಿನದೇ ಒಂದು ಭಾಗ. ತಾಳಿಗೆ ಉಪಾಯ ಹುಡುಕಿದ್ದೆ, ಕಾಲುಂಗುರಕ್ಕೂ ಯೋಚಿಸಿದ್ದೆ. ಮುಖದ ನಟ್ಟನಡುವೆ ಏಳು ಹರಳು ಹೊಳೆಯುತ್ತಿದ್ದದ್ದು ನೆನಪಾಗಲಿಲ್ಲ.

ತಿರುಪು ತಿರುಗಿಸಿದೆ. ಅಲ್ಲಾಡಲಿಲ್ಲ. ಅವಳು ತಿರುಗಿಸಿದಳು. ಅಪ್ಪ ಹಾಕಿಸಿದ ದಿನದಿಂದ ಬೆವರು, ನೀರು, ಅರಿಶಿನ, ಸೋಪು ಎಲ್ಲವೂ ಸೇರಿ ತಿರುಪು ಕಚ್ಚಿಕೊಂಡಿತ್ತು. ಅವಳು ಮೆಸ್ಸಿಗೆ ಓಡಿ ತೆಂಗಿನೆಣ್ಣೆ ತಂದಳು. ಎಣ್ಣೆ ಬಿಟ್ಟು, ಸೆರಗಿನ ತುದಿಯಿಂದ ಹಿಡಿದು, ಹಲ್ಲು ಕಚ್ಚಿ ತಿರುಗಿಸಿದಳು. ಕಣ್ಣಲ್ಲಿ ನೀರು ಸುರಿಯಿತು, ಮೂಗು ಕೆಂಪಾಗಿ ಊದಿಕೊಂಡಿತು, ಮೂಗುಬೊಟ್ಟು ಇದ್ದಲ್ಲೇ ಇತ್ತು. ಅಷ್ಟರಲ್ಲಿ ಒಳಗಿನಿಂದ ಮ್ಯಾನೇಜರ್ ಬಾಗಿಲು ತೆರೆದು, ಕುಲುಮೆ ಸಿದ್ಧವಾಗಿದೆ, ಇನ್ನು ಕಾಯುವ ಹಾಗಿಲ್ಲ ಎಂದ. ಮೂಗಿನ ಮೇಲೆ ಪ್ಲಾಸ್ಟರ್ ಅಂಟಿಸಿಕೊಂಡು ಬರುತ್ತೇನೆ, ಹೋಗುವಾಗ ಬರುವಾಗ ಎರಡೂ ಸಲ ನೋಡಿಕೊಳ್ಳಿ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಬೇಡಿಕೊಂಡೆ. ಅವನು ನಿಜವಾಗಿಯೂ ನೊಂದವನ ಹಾಗೆ ತಲೆಯಾಡಿಸಿದ. ಕಾವಲುಗಾರ, “ಖಲಾಸ್, ದೀದಿ” ಎಂದ, ಬಹಳ ಮೆಲ್ಲಗೆ.

“ನಾನೂ ಹೋಗುದಿಲ್ಲ. ನಿಮಗಿಲ್ಲದ್ದು ನನಗೆಂತಕ್ಕೆ?” ಎಂದಳು ಪಕ್ಕದವಳು.

“ಹೋಗು. ಒಬ್ಬರಾದ್ರೂ ನೋಡ್ಲಿ” ಎಂದೆ.

ಇಂಥ ಕಡೆ ಇನ್ನೊಂದು ಸಲ ಬೇಡ ಎನ್ನುವುದು ನಮ್ಮಲ್ಲಿ ರೂಢಿ. ಊಟಕ್ಕೆ ಕರೆದಾಗ, ಸೀರೆ ಕೊಟ್ಟಾಗ, ಎಲ್ಲಿಯಾದರೂ ಸರಿ. ನಾನು ಆ ಎರಡನೆಯ ಬೇಡಕ್ಕೆ ಕಾದು ನಿಂತೆ. ಅವಳು ಬಾಗಿಲ ಕಡೆ ನೋಡಿದಳು. ಬಾಗಿಲ ಸಂದಿನಲ್ಲಿ ಕಿತ್ತಳೆ ಬೆಳಕು ಕಾಣುತ್ತಿತ್ತು. ಅವಳು ಬೇಡ ಎನ್ನಲಿಲ್ಲ. ಒಳಗೆ ಹೋದಳು, ಬಾಗಿಲು ಮುಚ್ಚಿತು.

ಕಾವಲುಗಾರ ನನಗೆ ಕುರ್ಚಿ ಹಾಕಿ, ಪುಟ್ಟ ಬಟ್ಟಲಿನಲ್ಲಿ ಕಹ್ವಾ, ಅವರ ಕಾಫಿ, ಬಗ್ಗಿಸಿ, ಖರ್ಜೂರದ ತಟ್ಟೆ ಮುಂದಿಟ್ಟ. ಒಳಗಿನಿಂದ ಕುಲುಮೆಯ ಮೊರೆತ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ನೀವು ಎಂದಾದರೂ ನೋಡಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದೆ. ಇಷ್ಟು ವರ್ಷ ಅದೇ ಬಾಗಿಲಲ್ಲಿ ಕೂತರೂ ಅವನೂ ನೋಡಿರಲಿಲ್ಲವಂತೆ. ಅದರಿಂದ ಅವನಿಗೆ ಏನೂ ಆದಂತಿರಲಿಲ್ಲ, ಖರ್ಜೂರದ ಬೀಜ ಉಗುಳಿ ಇನ್ನೊಂದು ತೆಗೆದುಕೊಂಡ. ಅಂಥವರನ್ನು ಕಂಡರೂ ನನಗೆ ಹೊಟ್ಟೆಕಿಚ್ಚು.

ಅವಳು ಹೊರಗೆ ಬಂದಾಗ ಮುಖ ಬೆವರಿನಿಂದ ತೊಯ್ದಿತ್ತು. ನಾನು ಎದ್ದು ನಿಂತೆ. “ಹೇಗಿತ್ತು?”

ಅವಳು ನನ್ನ ಊದಿದ ಮೂಗು ನೋಡಿದಳು. “ಎಂತದೂ ಇಲ್ಲ ಅಕ್ಕ. ಕಪ್ಪು ಕನ್ನಡಕ ಹಾಕಿಸಿದ್ರು, ಕಣ್ಣಿಗೆ ಕತ್ತಲೆ. ಏನೂ ಕಾಣ್ಲೇ ಇಲ್ಲ ಮಾರಾಯ್ರೆ. ಆಮೇಲೆ ಬೆಲ್ಲದ ಅಚ್ಚಿನ ಹಾಗೆ ಒಂದು ತುಂಡು ತೋರಿಸಿದ್ರು, ಅದಕ್ಕೆ ಹೊಳಪು ಸಹ ಇಲ್ಲ. ನೀವು ಬಾರದ್ದು ಲಾಯ್ಕಾಯ್ತು, ಸುಮ್ಮನೆ ಸೆಖೆ.”

“ನಿಜವಾಗ್ಲೂ?”

“ನಿಜ ಅಕ್ಕ.”

ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹೇಳಲು ನಾಚಿಕೆಯೇನಿಲ್ಲ, ನನಗೆ ಬಹಳ ಖುಷಿಯಾಯಿತು. ಅವಳೂ ನೋಡಿಲ್ಲ! ಅಣ್ಣನೂ ನೋಡಿಲ್ಲ, ಇವಳೂ ನೋಡಿಲ್ಲ. ಆ ಸಂಜೆ ಅವಳು ತಂದುಕೊಟ್ಟ ಕರಿಬೇವನ್ನು ಹಾಕಿ ಸಾರು ಮಾಡಿದೆ. ಅವಳನ್ನೂ ಅವಳ ಗಂಡನನ್ನೂ ಊಟಕ್ಕೆ ಕರೆದೆ. ಕ್ಯಾಂಪಿನಲ್ಲಿ ನಾನು ಯಾರ ಮೇಲೂ ಉರಿದುಕೊಳ್ಳದೆ ಮಾಡಿದ ಅಡುಗೆ ಅದೊಂದೇ ಇರಬೇಕು. ಹೊರಡುವವರೆಗೆ ಉಳಿದ ವಾರಗಳಲ್ಲಿ ನಾವಿಬ್ಬರೂ ಒಡಹುಟ್ಟಿದವರ ಹಾಗೆ ಇದ್ದೆವು.

ಊರು ಬಂದ ಹಾಗೆಯೇ ಹೋಯಿತು. ಟ್ರೇಲರುಗಳು ಬಂದು ಕ್ಯಾಬಿನ್ನುಗಳನ್ನು ಎತ್ತಿಕೊಂಡು ಹೋದವು, ಮೊದಲು ಕ್ಲಿನಿಕ್ಕು, ಆಮೇಲೆ ಮೆಸ್ಸು. ಕೊಳದ ಬಲೆಯನ್ನು ಸುತ್ತಿದರು. ಅವಳ ಗಂಡ ಅಂಗಡಿಯ ಕಪಾಟುಗಳನ್ನು ಸುವೈಕ್‌ಗೆ ಸಾಗಿಸಿದರು. ನಾವು ಹೊರಡುವ ದಿನ ನಮ್ಮ ಮನೆಯಿದ್ದ ಜಾಗದಲ್ಲಿ ಸಿಮೆಂಟಿನ ನಾಲ್ಕು ಕಟ್ಟೆಗಳೂ ಅವಳ ಕರಿಬೇವಿನ ಗಿಡವೂ ಉಳಿದಿದ್ದವು. ಹಳ್ಳಿಯ ಮೇಕೆಗಳು ಆಗಲೇ ಬೇಲಿ ದಾಟಿ ಬಂದಿದ್ದವು.

ಗಂಡನಿಗೆ ಮಸ್ಕತ್ತಿನಲ್ಲಿ ರಸ್ತೆ ಕೆಲಸದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ವಾರಗಿತ್ತಿಯ ಮನೆ ಹತ್ತಿರವೇ ಆದ್ದರಿಂದ ಹೊಟ್ಟೆಕಿಚ್ಚಿಗೆ ಏನೂ ಕೊರತೆಯಾಗಲಿಲ್ಲ. ಒಂದು ಬೆಳಿಗ್ಗೆ ಮುಖ ತೊಳೆಯುತ್ತಿದ್ದೆ, ಮೂಗುಬೊಟ್ಟು ತಾನಾಗಿಯೇ ಅಂಗೈಗೆ ಬಂತು. ತಿರುಪು ಸವೆದು ಹೋಗಿತ್ತು. ಎಣ್ಣೆ ಬೇಕಾಗಲಿಲ್ಲ, ನೋವೂ ಆಗಲಿಲ್ಲ. ಬೇಸಿನ್ನಿನ ಮುಂದೆ ನಿಂತು ಅದನ್ನು ಬಾಯಿಗೆ ಬಂದಂತೆ ಬೈದೆ. ಗಂಡ ಏನಾಯಿತೆಂದು ಓಡಿ ಬಂದರು.

ಅದಾದ ಕೆಲವು ತಿಂಗಳಿಗೆ ಒಂದು ಶುಕ್ರವಾರ ಸುವೈಕ್‌ಗೆ, ಪಕ್ಕದವಳ ಮನೆಗೆ ಹೋದೆವು. ಅಂಗಡಿಯ ಮೇಲೆಯೇ ಅವರ ಮನೆ. ಗಂಡಸರು ಕೆಳಗೆ ಅಂಗಡಿಯಲ್ಲಿ ಮಾತಿಗೆ ಕೂತರು. ಅವಳ ಮಗಳು ಉಳ್ಳಾಲದಿಂದ ಬಂದು ಇಲ್ಲಿಯ ಇಂಡಿಯನ್ ಶಾಲೆಗೆ ಸೇರಿದ್ದಳು. ಚುರುಕು ಹುಡುಗಿ, ಅರ್ಧ ಮಾತು ಇಂಗ್ಲಿಷಿನಲ್ಲಿ. ತಾಯಿ ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದರೆ, ಮಗಳು ನನ್ನೆದುರು ಕಾಲು ಮಡಿಚಿ ಕೂತಳು.

“ಆಂಟಿ, ನೀವೇ ಅಲ್ವಾ ಗೋಲ್ಡ್ ಮೈನ್ ಆಂಟಿ? ಉಮ್ಮ ಯಾವಾಗ್ಲೂ ಹೇಳ್ತಾರೆ. ನೀವಿಬ್ರೂ ಕೈ ಹಿಡ್ಕೊಂಡು ನಿಂತು ನೋಡಿದ್ದಂತೆ. ಡಾರ್ಕ್ ಗ್ಲಾಸ್ ಕೊಟ್ಟಿದ್ರಂತೆ, ಉಮ್ಮ ಮೆಲ್ಲ ಎತ್ತಿ ನೋಡಿದ್ದಂತೆ. ಸೂರ್ಯನನ್ನೇ ಪಾತ್ರೆಯಲ್ಲಿ ಹಾಕಿ ಸುರಿದ ಹಾಗೆ ಇತ್ತಂತೆ. ಅಷ್ಟು ಚಂದದ್ದು ಲೈಫಲ್ಲಿ ನೋಡಿಲ್ಲ, ಅದನ್ನು ನೆನೆಸಿದ್ರೆ ಈಗಲೂ ನಿದ್ದೆ ಬರುದಿಲ್ಲ ಅಂತಾರೆ. ರಿಯಲಿ, ಆಂಟಿ?”

ತಾಯಿ ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ನನ್ನನ್ನು ನೋಡಲಿಲ್ಲ, ಟ್ರೇಯನ್ನೇ ನೋಡುತ್ತಿದ್ದಳು.

ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಕತ್ತಲೆ, ಸೆಖೆ, ಬೆಲ್ಲದ ಅಚ್ಚು! ನನ್ನನ್ನು ಸಮಾಧಾನ ಮಾಡಲು ಹೇಳಿದ ಸುಳ್ಳು. ಈ ಮನೆಯ ಕಥೆಯಲ್ಲಿ ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿ, ಕೈ ಬೇರೆ ಹಿಡಿಸಿದ್ದಾಳೆ. ಅದು ಪ್ರೀತಿಯಿಂದಲೇ ಎಂದು ಗೊತ್ತಿತ್ತು. ಗೊತ್ತಿದ್ದದ್ದರಿಂದ ಇನ್ನಷ್ಟು ಉರಿಯಿತು.

“ಬಣ್ಣ ಯಾವುದಿತ್ತು ಆಂಟಿ? ಎಷ್ಟು ಕೇಳಿದ್ರೂ ಉಮ್ಮನಿಗೆ ಸರಿ ಹೇಳ್ಲಿಕ್ಕೆ ಬರುದಿಲ್ಲ. ಒಮ್ಮೆ ಕೆಂಪು ಅಂತಾರೆ, ಒಮ್ಮೆ ಬಿಳಿ ಅಂತಾರೆ. ನೀವು ಹೇಳಿ.”

ಅವಳ ಸುಳ್ಳಿಗೆ ಒಂದು ಸುಳ್ಳು ಸೇರಿಸಿ, ಮಗಳ ಮುಂದೆ ಅವಳ ಕಥೆಯನ್ನು ಕೆಡಿಸಿಬಿಡೋಣ ಅನ್ನಿಸಿತು. ಪ್ರಪಂಚದಲ್ಲಿ ಯಾರೂ ನಂಬದ ಸುಳ್ಳೊಂದು ನನ್ನ ಹತ್ತಿರ ಚಿಕ್ಕಂದಿನಿಂದ ಇತ್ತು.

“ಹಸಿರು” ಎಂದೆ.

ಹುಡುಗಿ ನಕ್ಕುಬಿಟ್ಟಳು. ಆದರೆ ಬಾಗಿಲಲ್ಲಿ ಟ್ರೇಯ ಲೋಟಗಳು ಒಂದಕ್ಕೊಂದು ತಗುಲಿದವು. ಪಕ್ಕದವಳು ಕಣ್ಣರಳಿಸಿ ಎರಡು ಹೆಜ್ಜೆ ಮುಂದೆ ಬಂದಿದ್ದಳು.

“ಹೌದು ಅಕ್ಕ! ಹಸಿರು! ಅಚ್ಚಿಗೆ ಬೀಳುವಾಗ ಅಂಚಲ್ಲಿ ಹಸಿರೇ ಇದ್ದದ್ದು! ಯಾರೂ ನಂಬ್ಲಿಕ್ಕಿಲ್ಲಾಂತ ನಾನು ಇಷ್ಟು ದಿನ ಬಾಯಿ ಬಿಡ್ಲಿಲ್ಲ.” ಅವಳು ಟ್ರೇಯನ್ನು ನನ್ನೆದುರು ಹಿಡಿದಳು. “ನಿಮಗೆ ಹೇಗೆ ಗೊತ್ತಾಯ್ತು?”

ಮಗಳು ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಟ್ರೇಯಿಂದ ಒಂದು ಲೋಟ ತೆಗೆದುಕೊಂಡು ಕೆಳಗಿಟ್ಟೆ. ಆಣೆ ಇಟ್ಟು ಅಳುವುದಕ್ಕೆ ಬಂದಿದ್ದ ಅಣ್ಣನ ಮುಖ ಕಣ್ಣ ಮುಂದೆ ಬಂತು. ಹಾಗಾದರೆ ಅವನೂ ನೋಡಿದ್ದ.